ಗದಗಿಗೆ ಹೋದ ಜೋಳ

ಮಕ್ಕಳೇ, ಕರ್ನಾಟಕದ ನಕ್ಷೆ ತೆಗೆದು ಹೆಚ್ಚುಕಡಿಮೆ ನಡುವೆ ಬೆರಳಿಡಿ. ಅಲ್ಲೇ ಎಲ್ಲೋ ಹಾವೇರಿ ಜಿಲ್ಲೆ ಸಿಗುತ್ತದೆ. ಅದರ ತೆಂಕಣ ಅಂಚಿನಲ್ಲಿ, ಕುಮುದ್ವತಿ ಹೊಳೆಯ ದಂಡೆಗೆ ನಮ್ಮೂರು ರಟ್ಟೀಹಳ್ಳಿ. ನಾನು ಓದುವಾಗ ಹಿರೇಕೆರೂರು ತಾಲ್ಲೂಕಿನ ಊರು, ಈಗ ಅದೇ ಒಂದು ತಾಲ್ಲೂಕು. ಚಾಲುಕ್ಯರ ಕಾಲದ ಕದಂಬೇಶ್ವರ ಗುಡಿಯ ಕಂಬಗಳ ಬಗ್ಗೆ ಬರೆಯಲು ಕೂತರೆ ಈ ಸಂಚಿಕೆ ಸಾಲದು, ಸಂಪಾದಕರು ಸಿಟ್ಟಾಗುತ್ತಾರೆ. ಇವತ್ತಿನ ವಿಷಯ ಬೇರೆ.

ನಮ್ಮ ಸುತ್ತಲಿನ ಸೀಮೆ ಬಡವರದೇ ಆದರೂ ಹಾಡಿನ ಮಟ್ಟಿಗೆ ಭಾರೀ ಶ್ರೀಮಂತ. ಕನಕದಾಸರ ಬಾಡ ಶಿಗ್ಗಾವಿ ತಾಲ್ಲೂಕಿನಲ್ಲಿದೆ, ಶರೀಫಜ್ಜನ ಶಿಶುನಾಳವೂ ಅಲ್ಲೇ. ಇವರಿಬ್ಬರ ಹೆಸರು ನಿಮಗೆ ಗೊತ್ತು, ನಮ್ಮ ಕನ್ನಡ ಕೂಟದ ವೇದಿಕೆಯ ಮೇಲೆ ಇವರ ಹಾಡು ಹಾಡಿದ್ದೀರಿ. ಹಾನಗಲ್ಲ ತಾಲ್ಲೂಕಿನ ಇಬ್ಬರು ಅಜ್ಜಂದಿರನ್ನು ಮಾತ್ರ ನಿಮಗೆ ನಾವು ಪರಿಚಯಿಸಿಯೇ ಇಲ್ಲ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಇಬ್ಬರೂ ಸೇರಿ, ಒಬ್ಬರಾದ ಮೇಲೆ ಒಬ್ಬರು, ಸಾವಿರಾರು ಮಕ್ಕಳಿಗೆ ಊಟ ಹಾಕಿ ಹಾಡು ಕಲಿಸಿದರು.

ಮೊದಲನೆಯವರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಮನೆಯಲ್ಲಿ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿದಾಗಿನಿಂದಲೇ ಕುರುಡು, ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ನೂರು ವರ್ಷದ ಹಿಂದಿನ ಒಂದು ಹಳ್ಳಿಯಲ್ಲಿ, ಬಡವರ ಮನೆಯಲ್ಲಿ, ಕಣ್ಣಿಲ್ಲದ ಇಬ್ಬರು ಹುಡುಗರ ಗತಿ ಏನೆಂದು ನೀವೇ ಯೋಚಿಸಿ. ಶಾಲೆ ಇಲ್ಲ, ಹೊಲದ ಕೆಲಸ ಆಗದು. ಆದರೆ ಹುಡುಗರು ಹಾಡುತ್ತಿದ್ದರು, ಕೇಳಿದವರು ಹೋಗುವ ದಾರಿ ಬಿಟ್ಟು ನಿಲ್ಲುವಂತೆ ಹಾಡುತ್ತಿದ್ದರು.

ಹಾಗೆ ನಿಂತು ಕೇಳಿದವರಲ್ಲಿ ಹಾನಗಲ್ಲ ಮಠದ ಕುಮಾರಸ್ವಾಮಿಗಳೂ ಒಬ್ಬರು. ಮುಂದೆ 1909ರಲ್ಲಿ ಬದಾಮಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದವರು ಇವರೇ. ಅವರು ಈ ಹುಡುಗರಿಗೆ ಒಂದು ಹೊತ್ತಿನ ಊಟ ಕೊಟ್ಟು, ತಲೆ ಸವರಿ ಕಳಿಸಬಹುದಿತ್ತು. ಪುಣ್ಯ ಬರುತ್ತಿತ್ತು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಗದಿಗೆಯ್ಯನನ್ನು ತಮ್ಮ ಜೊತೆ ಇಟ್ಟುಕೊಂಡು, ಸಂಗೀತ ಕಲಿಯಲು ಗುರುಗಳನ್ನು ಹುಡುಕಿಕೊಟ್ಟರು. ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತ. ಆಮೇಲೆ ನೀಲಕಂಠಬುವಾ ಮಿರಜಕರ ಬಳಿ, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಬಳಿ ಹಿಂದುಸ್ತಾನಿ ಕಲಿತ. ಎರಡೂ ಪದ್ಧತಿಯಲ್ಲಿ ಕಛೇರಿ ಮಾಡಬಲ್ಲವರು ಇವತ್ತಿಗೂ ಬೆರಳೆಣಿಕೆ. ಒಬ್ಬ ಸ್ವಾಮಿಗಳು ಸಾಕಿದ ಹುಡುಗನಿಗೆ ಒಬ್ಬ ಖಾನ್‌ಸಾಹೇಬರು ಪಾಠ ಹೇಳಿದ್ದನ್ನು ದಯವಿಟ್ಟು ಗಮನಿಸಿ. ಆಗ ಯಾರಿಗೂ ಅದು ವಿಶೇಷ ಅನ್ನಿಸಿರಲಿಕ್ಕಿಲ್ಲ.

ಗವಾಯಿಗಳಾದ ಮೇಲೆ ಅವರು ದರ್ಬಾರು ಹುಡುಕಿ ಹೋಗಬಹುದಿತ್ತು. ಅದರ ಬದಲು ತಮ್ಮಂಥ ಮಕ್ಕಳನ್ನು ಕೂಡಿಸಿಕೊಂಡರು. ಕಣ್ಣಿಲ್ಲದವರು, ಅಪ್ಪ-ಅಮ್ಮ ಇಲ್ಲದವರು, ಇದ್ದೂ ಸಾಕಲಾಗದವರ ಮಕ್ಕಳು. ಜಾತಿ ಕೇಳಲಿಲ್ಲ. ಮೊದಮೊದಲು ಈ ಗುರುಕುಲಕ್ಕೆ ಗೋಡೆಯೇ ಇರಲಿಲ್ಲ, ಊರಿಂದೂರಿಗೆ ಸಂಚಾರ. ಹೋದ ಊರಿನಲ್ಲಿ ಹಾಡುವುದು, ಆ ಊರಿನವರು ಕೊಟ್ಟದ್ದರಲ್ಲಿ ಎಲ್ಲರೂ ಉಣ್ಣುವುದು, ಅಲ್ಲೇ ಪಾಠ. ಆಮೇಲೆ ಗದಗಿನ ಬಸರಿಗಿಡದ ವೀರಪ್ಪ ಎಂಬವರು ನೆಲೆ ಒದಗಿಸಿದರು. ಇವತ್ತು ವೀರೇಶ್ವರ ಪುಣ್ಯಾಶ್ರಮ ಎಂದು ನಾಡಿಗೆಲ್ಲ ಗೊತ್ತಿರುವುದು ಅದೇ.

ಎರಡನೆಯವರು ಪುಟ್ಟರಾಜ ಗವಾಯಿಗಳು. ಹುಟ್ಟಿದ್ದು 1914ರಲ್ಲಿ, ಅದೇ ಹಾನಗಲ್ಲ ಸೀಮೆಯಲ್ಲಿ. ಕೂಸಾಗಿದ್ದಾಗಲೇ ಕಣ್ಣು ಹೋಯಿತು. ಸೋದರಮಾವ ಇವರನ್ನು ಪಂಚಾಕ್ಷರಿ ಗವಾಯಿಗಳ ಕೈಗೆ ಒಪ್ಪಿಸಿದರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ, ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಪುಸ್ತಕ ಬರೆದರು. 1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮ ಇವರ ಹೆಗಲಿಗೆ ಬಂತು, 2010ರ ಸೆಪ್ಟೆಂಬರಿನಲ್ಲಿ ತಾವು ತೀರಿಕೊಳ್ಳುವವರೆಗೂ ಇಳಿಸಲಿಲ್ಲ. ಅರವತ್ತಾರು ವರ್ಷ. ಪದ್ಮಭೂಷಣ ಬಂದದ್ದು ಅದೇ ಕೊನೆಯ ವರ್ಷ. ನಮ್ಮ ಕಡೆ ಯಾರೂ ಅವರನ್ನು ಪದ್ಮಭೂಷಣ ಎನ್ನುವುದಿಲ್ಲ, ಗದಗಿನ ಅಜ್ಜಾರು ಅನ್ನುತ್ತಾರೆ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ದಿನಕ್ಕೆ ಎರಡು ಹೊತ್ತು ಅಷ್ಟು ಮಕ್ಕಳಿಗೆ ಊಟ ಎಲ್ಲಿಂದ ಬರುತ್ತಿತ್ತು? ಒಬ್ಬ ರಾಜ, ಒಬ್ಬ ಸಾಹುಕಾರ ಕೊಟ್ಟು ಮುಗಿಸುವ ಖರ್ಚಲ್ಲ ಅದು. ನಡೆಸಿದ್ದು ನಮ್ಮ ಊರುಗಳು. ತಮ್ಮ ಮನೆಯಲ್ಲೇ ಅಷ್ಟಕ್ಕಷ್ಟೇ ಇದ್ದ ಜನ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಸುಗ್ಗಿಯಲ್ಲಿ ರಾಶಿ ಮುಗಿದು ಕಾಳು ಮನೆಗೆ ಬಂದಾಗ ನಮ್ಮವ್ವ ಮೊದಲು ಒಂದು ಸಣ್ಣ ಚೀಲ ತುಂಬಿಸಿ ಮೂಲೆಗೆ ಇಡುತ್ತಿದ್ದಳು. ನಾವು ಅದರ ಮೇಲೆ ಹತ್ತಿ ಕೂತರೆ, “ಅದು ಗದಗಿನ ಅಜ್ಜಾರದು, ಇಳೀರಿ ಕೆಳಗ” ಎಂದು ಗದರುತ್ತಿದ್ದಳು. ಮಳೆ ಕೈಕೊಟ್ಟ ವರ್ಷವೂ ಆ ಚೀಲ ಇರುತ್ತಿತ್ತು, ಸಣ್ಣದಾಗಿರುತ್ತಿತ್ತು ಅಷ್ಟೇ. ಓಣಿಯಲ್ಲಿ ಹತ್ತಾರು ಮನೆಯ ಚೀಲ ಕೂಡಿದ ಮೇಲೆ ಆ ಕಡೆ ಹೋಗುವ ಯಾವುದಾದರೂ ಲಾರಿಗೆ ಹಾಕುತ್ತಿದ್ದರು. ರಸೀದಿ ಬರುತ್ತಿತ್ತೋ ಇಲ್ಲವೋ, ಯಾರೂ ಕೇಳಿದ್ದು ನೆನಪಿಲ್ಲ. ಅವ್ವ ಗದಗನ್ನು ನೋಡಿದವಳೂ ಅಲ್ಲ.

ಇನ್ನು ತುಲಾಭಾರ. ಇದನ್ನು ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ, ಸ್ವಲ್ಪ ತಾಳಿಕೊಳ್ಳಿ. ಊರ ಬಯಲಿನಲ್ಲಿ ದಪ್ಪ ಕಂಬ ನೆಟ್ಟು ಅಡ್ಡ ತೊಲೆ ಕಟ್ಟುತ್ತಾರೆ. ಅದಕ್ಕೆ ದೊಡ್ಡ ತಕ್ಕಡಿ, ಒಂದೊಂದು ಪರಡಿಯಲ್ಲಿ ಒಬ್ಬ ಮನುಷ್ಯ ಆರಾಮಾಗಿ ಕೂರಬೇಕು, ಅಂಥದ್ದು. ಸರಪಳಿಗೆ ಚೆಂಡುಹೂವು, ತೊಲೆಗೆ ಮಾವಿನ ತೋರಣ. ಒಂದು ಕಡೆ ಅಜ್ಜಾರನ್ನು ಕೂರಿಸುತ್ತಾರೆ. ಇನ್ನೊಂದು ಕಡೆ ಊರವರು ತಮ್ಮಲ್ಲಿ ಏನಿದೆಯೋ ಅದನ್ನು ಹಾಕುತ್ತಾರೆ. ಪೇಟೆಯ ಊರಾದರೆ ನಾಣ್ಯ. ಹಳ್ಳಿಯಾದರೆ ಜೋಳ, ಬೆಲ್ಲ, ಅಕ್ಕಿ, ತೆಂಗಿನಕಾಯಿ. ಅಜ್ಜಾರ ಪರಡಿ ನೆಲಬಿಟ್ಟು ಮೇಲೇಳುತ್ತಿದ್ದಂತೆ ಡೊಳ್ಳು, ಶಹನಾಯಿ, ಜೈಕಾರ. ಎರಡೂ ಸಮ ತೂಗಿತು, ಮುಗಿಯಿತು ಅನ್ನುವಿರಾ? ಇಲ್ಲ. ಅಜ್ಜಾರದು ಸಣ್ಣ ಮೈಕಟ್ಟು, ತಕ್ಕಡಿ ಬೇಗ ಸಮನಾಗಿಬಿಡುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತವರು ತಂದದ್ದನ್ನು ಮನೆಗೆ ವಾಪಸು ಒಯ್ಯುವುದುಂಟೆ? ತಕ್ಕಡಿಯ ಪಕ್ಕದಲ್ಲೇ ಇನ್ನೊಂದು ರಾಶಿ ಬೀಳುತ್ತಿತ್ತು. ನಾನು ಹುಡುಗನಾಗಿದ್ದಾಗ ನೋಡಿದ ತುಲಾಭಾರದಲ್ಲಿ ಪಕ್ಕದ ರಾಶಿಯೇ ದೊಡ್ಡದಿತ್ತು. ತೂಗಿದ್ದೂ ತೂಗದೆ ಉಳಿದದ್ದೂ ಎಲ್ಲವೂ ಆಶ್ರಮಕ್ಕೆ. ಅಜ್ಜಾರಿಗೆ ಇಂಥ ತುಲಾಭಾರಗಳು ಎಷ್ಟಾದವೋ, ಉತ್ತರ ಕರ್ನಾಟಕದಲ್ಲಿ ಅವರನ್ನು ತೂಗದ ದೊಡ್ಡ ಊರು ಸಿಗುವುದು ಕಷ್ಟ. ದೇಹ ಹಣ್ಣಾದ ಮೇಲೂ ಅವರು ಕರೆದಲ್ಲಿಗೆ ಹೋಗಿ ತಕ್ಕಡಿಯಲ್ಲಿ ಕೂರುತ್ತಿದ್ದರು. ಅದು ಮೆರವಣಿಗೆಯ ಆಸೆಯಿಂದಲ್ಲ, ಮಕ್ಕಳ ಅಡುಗೆಮನೆಗಾಗಿ.

ಮೂರನೆಯದು ನಾಟಕ. ನಿಜ, ಆಶ್ರಮಕ್ಕೆ ಸ್ವಂತ ನಾಟಕ ಕಂಪನಿಯೇ ಇತ್ತು. ಹೆಸರು ಮಾತ್ರ ಒಂದೇ ಉಸಿರಿನಲ್ಲಿ ಹೇಳಲು ಕಷ್ಟ, ಪ್ರಯತ್ನಿಸಿ: ಶ್ರೀ ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳ ನಾಟ್ಯ ಸಂಘ. ಜಾತ್ರೆ ಬಂತೆಂದರೆ ತಗಡಿನ ಥೇಟರು ಎದ್ದು ನಿಲ್ಲುತ್ತಿತ್ತು. ಕಾಲಪೆಟ್ಟಿಗೆಯ ಮುಂದೆ ಆಶ್ರಮದಲ್ಲಿ ಕಲಿತವರು, ತಬಲಾಕ್ಕೂ ಅವರೇ. ಅಜ್ಜಾರೇ ನಾಟಕ ಬರೆಯುತ್ತಿದ್ದರು, ರಾಗ ಹಾಕುತ್ತಿದ್ದರು. ಟಿಕೀಟಿನ ದುಡ್ಡು ಮಕ್ಕಳ ಊಟಕ್ಕೆ ಹೋಗುತ್ತದೆಂದು ನೋಡುವವರಿಗೆಲ್ಲ ಗೊತ್ತು. ಹಾಗಾಗಿ ನಾಟಕದ ಹುಚ್ಚಿರುವ ನಮ್ಮ ಕಾಕಾನಂಥವರಿಗೆ ಭಾರೀ ಅನುಕೂಲ. ಒಂದೇ ಆಟವನ್ನು ಮತ್ತೆ ಮತ್ತೆ ನೋಡಿ ಬೆಳಗಿನ ಜಾವ ಮನೆಗೆ ಬಂದು, “ಪುಣ್ಯದ ಕೆಲಸಕ್ಕ ಹೋಗಿದ್ದೆ” ಎಂದು ಕಾಕೂನ ಬಾಯಿ ಮುಚ್ಚಿಸುತ್ತಿದ್ದರು.

ಇದರಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಒಂದಿದೆ. ಆಶ್ರಮ ಯಾವತ್ತೂ ಮಕ್ಕಳ ಕಷ್ಟವನ್ನು ಎತ್ತಿ ತೋರಿಸಿ ಕೇಳಲಿಲ್ಲ. ಕಣ್ಣಿಲ್ಲದ ಹುಡುಗನ ಅಳುವ ಮುಖದ ಚಿತ್ರ ಹಾಕಿ ಕರುಳು ಹಿಂಡಲಿಲ್ಲ. ಬದಲಿಗೆ ಅದೇ ಹುಡುಗನನ್ನು ಹಾರ್ಮೋನಿಯಂ ಮುಂದೆ ಕೂರಿಸಿತು. ಊರವರು ಕೇಳಿ ತಲೆದೂಗಿ, ಆಮೇಲೆ ಕೊಟ್ಟರು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ಗುರುಕುಲದ ಹುಡುಗ ಬಸವರಾಜ ರಾಜಗುರು ಮೊದಲ ಬಾರಿಗೆ ಅಷ್ಟು ದೊಡ್ಡ ಸಭೆಯ ಮುಂದೆ ಹಾಡಲು ಕೂತ. ತಬಲಾ ನುಡಿಸಿದವರು ಯಾರು ಗೊತ್ತೇ? ಸ್ವತಃ ಗುರು ಪಂಚಾಕ್ಷರಿ ಗವಾಯಿಗಳು. ಶಿಷ್ಯ ಮುಂದೆ, ಗುರು ಪಕ್ಕವಾದ್ಯಕ್ಕೆ! ಆ ಹುಡುಗನ ಎದೆ ಎಷ್ಟು ಹೊಡೆದುಕೊಂಡಿರಬೇಕು. ಮುಂದೆ ಅವರು ದೇಶದ ದೊಡ್ಡ ಗವಾಯಿಗಳಲ್ಲಿ ಒಬ್ಬರಾದರು.

ನೀವು ಯೂಟ್ಯೂಬಿನಲ್ಲಿ ಕೇಳುವ ಪಂಡಿತ ಎಂ. ವೆಂಕಟೇಶಕುಮಾರರೂ ಅಲ್ಲಿಯವರೇ. ಬಳ್ಳಾರಿ ಸೀಮೆಯ ಬಡ ಮನೆಯ ಹುಡುಗ. ತೊಗಲುಗೊಂಬೆಯ ಪ್ರಸಿದ್ಧ ಕಲಾವಿದ ಬೆಳಗಲ್ಲು ವೀರಣ್ಣ ಈ ಹುಡುಗನಿಗೆ ಸೋದರಮಾವ, ಅವರೇ ಕರೆತಂದು ಪುಟ್ಟರಾಜರ ಬಳಿ ಬಿಟ್ಟರು. ಹನ್ನೆರಡು ವರ್ಷ ಅಲ್ಲಿ ಉಂಡು, ಅಲ್ಲಿ ಮಲಗಿ ಕಲಿತರು. ಆ ಹನ್ನೆರಡು ವರ್ಷದ ರೊಟ್ಟಿಯಲ್ಲಿ ನಮ್ಮವ್ವನ ಚೀಲದ ಒಂದು ಹಿಡಿ ಜೋಳವೂ ಬಿದ್ದಿರಬಹುದು ಎಂದು ನಾನು ನಂಬಿದ್ದೇನೆ. ಇದಕ್ಕೆ ಪುರಾವೆ ಕೇಳಬೇಡಿ.

ಎಲ್ಲರೂ ದೊಡ್ಡ ಹೆಸರು ಮಾಡಲಿಲ್ಲ, ಅದೂ ನಿಮಗೆ ಗೊತ್ತಿರಲಿ. ಬಹಳಷ್ಟು ಜನ ಊರಿನ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದರು, ಮಠಗಳಲ್ಲಿ ಪುರಾಣಕ್ಕೆ ಹಾಡುವವರಾದರು, ಭಜನಾ ಮೇಳಕ್ಕೆ ತಬಲಾ ನುಡಿಸುವವರಾದರು. ದುಡಿದು ಉಂಡರು, ಮದುವೆಯಾದರು, ಮನೆ ಕಟ್ಟಿದರು. ನನ್ನ ಲೆಕ್ಕದಲ್ಲಿ ಆಶ್ರಮದ ದೊಡ್ಡ ಸಾಧನೆ ಇವರೇ.

ಇನ್ನು ದೊಡ್ಡವರಿಗೆ ಎರಡು ಮಾತು. ಮಕ್ಕಳು ಬೇಕಾದರೆ ಮುಂದಿನ ಪುಟದ ಪದಬಂಧಕ್ಕೆ ಹೋಗಬಹುದು. ನಾವು ಇಲ್ಲಿ ಕೂತು ವರ್ಷಕ್ಕೊಮ್ಮೆ ಮೊಬೈಲಿನಲ್ಲಿ ದೇಣಿಗೆ ಒತ್ತಿಬಿಡುತ್ತೇವೆ. ಒಳ್ಳೆಯದೇ, ಒತ್ತೋಣ. ಆದರೆ ನಮ್ಮ ಮಕ್ಕಳಿಗೆ ಅದು ಕಾಣುವುದಿಲ್ಲ. ನಮಗೆ ಮೂಲೆಯಲ್ಲೊಂದು ಚೀಲ ಕಾಣುತ್ತಿತ್ತು, ಅದರ ಮೇಲೆ ಕೂತು ಬೈಸಿಕೊಂಡಿದ್ದೆವು, ಆದ್ದರಿಂದ ನೆನಪಿದೆ. ಈ ಸಲದ ಯುಗಾದಿಗೆ ಕೂಟದ ಮಕ್ಕಳೇ ಒಂದು ನಾಟಕ ಆಡಲಿ, ಟಿಕೀಟು ಇಡೋಣ, ಬಂದ ದುಡ್ಡನ್ನು ಅವರೇ ಎಣಿಸಿ ಎಲ್ಲಿಗೆ ಕಳಿಸಬೇಕೆಂದು ಅವರೇ ತೀರ್ಮಾನಿಸಲಿ. ಗದಗಿಗೇ ಆಗಬೇಕೆಂದಿಲ್ಲ. ನಾವಿರುವ ಈ ಊರಿನಲ್ಲೂ ಬೆಳಗಿನ ತಿಂಡಿ ಇಲ್ಲದೆ ಶಾಲೆಗೆ ಬರುವ ಮಕ್ಕಳಿದ್ದಾರೆ, ಅವರಿಗಾಗಿ ದುಡಿಯುವ ಸಂಸ್ಥೆಗಳಿವೆ. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಮಾತು ಎತ್ತಿದಾಗ ಸಭಾಂಗಣದ ಬಾಡಿಗೆ ಯಾರು ಕೊಡುತ್ತಾರೆ ಎಂಬಲ್ಲಿಗೆ ಚರ್ಚೆ ನಿಂತಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿಯವರೆಗೆ ಒಂದು ಸಂಜೆ ಮನೆಮಂದಿಯೆಲ್ಲ ಕೂತು, ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಸಿನಿಮಾ ನೋಡಿ. 1995ರದು. ಹಂಸಲೇಖ ಅವರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡಿಗೂ ರಾಷ್ಟ್ರಪ್ರಶಸ್ತಿ ಬಂತು. ಮಕ್ಕಳಿಗೆ ಅಲ್ಲಲ್ಲಿ ನಿಧಾನ ಅನ್ನಿಸಬಹುದು, ಹಾಡು ಬಂದಾಗ ಸುಮ್ಮನಾಗುತ್ತಾರೆ.

ಬೇಸಿಗೆ ರಜೆಗೆ ಊರಿಗೆ ಹೋಗುವ ಮಕ್ಕಳೇ, ಅಪ್ಪನ ಬಳಿ ಹಟ ಮಾಡಿ ಒಂದು ದಿನ ಗದಗಿಗೆ ಮೀಸಲಿಡಿಸಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಒಂದು ತಾಸಿನ ಹಾದಿ. ಕುಮಾರವ್ಯಾಸ ಕೂತು ಬರೆದ ಎನ್ನುವ ವೀರನಾರಾಯಣನ ಗುಡಿಯನ್ನೂ ನೋಡಬಹುದು. ಪುಣ್ಯಾಶ್ರಮವನ್ನು ಈಗ ಕಲ್ಲಯ್ಯಜ್ಜನವರು ನಡೆಸುತ್ತಿದ್ದಾರೆ. ಅಲ್ಲಿ ನಿಮ್ಮ ವಯಸ್ಸಿನ ಮಕ್ಕಳೇ ಇರುತ್ತಾರೆ, ಅವರನ್ನು ಪಾಪ ಎಂದು ನೋಡಲು ಹೋಗಬೇಡಿ. ಯಾವ ರಾಗ ಕಲಿಯುತ್ತಿದ್ದೀರಿ ಎಂದು ಕೇಳಿ. ನೀವೂ ಒಂದು ಹಾಡು ಚೆನ್ನಾಗಿ ಕಲಿತುಕೊಂಡೇ ಹೋಗಿ, ಏಕೆಂದರೆ ಅವರು ತಿರುಗಿ ಕೇಳಿಯೇ ಕೇಳುತ್ತಾರೆ. ಶ್ರುತಿ ತಪ್ಪಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.