ಮನೆಮಾತಿನ ಸೇವಕ ಮೂಲೂದ್ ಮಮ್ಮೇರಿ

ಆಫ್ರಿಕಾ ಖಂಡದ ಉತ್ತರದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ, ಅಲ್ಜೀರಿಯಾ ದೇಶವಿದೆ. ಅಲ್ಲಿಯ ಕಬೀಲಿಯಾ ಎಂಬ ಬೆಟ್ಟಸೀಮೆಯ ಜನರ ಮನೆಮಾತು ಬರ್ಬರ್ ಭಾಷೆಯ ಒಂದು ಪ್ರಭೇದ. ಶತಮಾನಗಳ ಕಾಲ ಅದು ಹಾಡು, ಗಾದೆ, ಕಥೆಗಳ ರೂಪದಲ್ಲಿ ಬಹುಮಟ್ಟಿಗೆ ಜನರ ನಾಲಗೆಯ ಮೇಲೆಯೇ ಬಾಳಿ ಬಂದಿತ್ತು. ಅಂತಹ ನುಡಿಯ ಸಂಪತ್ತನ್ನು ಗ್ರಂಥಸ್ಥಗೊಳಿಸಲು ಶ್ರಮಿಸಿದ ಮಹನೀಯರಲ್ಲಿ ಮೂಲೂದ್ ಮಮ್ಮೇರಿಯವರು ಅಗ್ರಗಣ್ಯರು. ಅವರು ಫ್ರೆಂಚ್ ಭಾಷೆಯ ಪ್ರಸಿದ್ಧ ಕಾದಂಬರಿಕಾರರೂ ಪ್ರಾಧ್ಯಾಪಕರೂ ಆಗಿದ್ದರು.

ಮಮ್ಮೇರಿಯವರು 1917ರ ಡಿಸೆಂಬರ್ 28ರಂದು ಕಬೀಲಿಯಾದ ತೌರೀರ್ತ್ ಮಿಮೂನ್ ಎಂಬ ಹಳ್ಳಿಯಲ್ಲಿ ಜನಿಸಿದರು. ಆಗ ಅಲ್ಜೀರಿಯಾ ಫ್ರೆಂಚರ ಅಧೀನದಲ್ಲಿತ್ತು. ಶಾಲೆಯ ಪಾಠಗಳು ಫ್ರೆಂಚಿನಲ್ಲಿ ನಡೆಯುತ್ತಿದ್ದವು. ಬಾಲಕ ಮೂಲೂದನು ಹನ್ನೊಂದನೆಯ ವಯಸ್ಸಿನಲ್ಲಿ ಮೊರಾಕ್ಕೋ ದೇಶದ ರಬಾತ್ ನಗರಕ್ಕೆ, ಬಂಧುಗಳ ಮನೆಗೆ ತೆರಳಿ ಅಲ್ಲಿ ಓದಿದನು. ಅನಂತರ ಆಲ್ಜಿಯರ್ಸ್ ಮತ್ತು ಪ್ಯಾರಿಸ್ ನಗರಗಳಲ್ಲಿ ವ್ಯಾಸಂಗ ಮುಂದುವರಿಯಿತು. ಎರಡನೆಯ ಮಹಾಯುದ್ಧದಲ್ಲಿ ಅವರು ಸೈನ್ಯಕ್ಕೆ ಸೇರಬೇಕಾಯಿತು. ಇಟಲಿ, ಫ್ರಾನ್ಸ್, ಜರ್ಮನಿಗಳ ರಣರಂಗಗಳನ್ನು ಕಂಡರು. ಯುದ್ಧ ಮುಗಿದ ಮೇಲೆ ಸ್ವದೇಶಕ್ಕೆ ಹಿಂದಿರುಗಿ ಉಪಾಧ್ಯಾಯರಾದರು.

1952ರಲ್ಲಿ ‘ಮರೆತ ಗುಡ್ಡ’ ಎಂಬರ್ಥದ ಅವರ ಮೊದಲ ಕಾದಂಬರಿ ಪ್ರಕಟವಾಯಿತು. ಯುದ್ಧದ ಕರೆಯಿಂದ ತಲ್ಲಣಿಸಿದ ಒಂದು ಬೆಟ್ಟದ ಹಳ್ಳಿಯ ಯುವಕರ ಬಾಳು ಅದರ ವಸ್ತು. ವಿದೇಶೀ ವಿದ್ಯೆಯನ್ನು ಪೂರ್ಣವಾಗಿ ನಂಬಿ, ಕೊನೆಗೆ ನಿರಾಶನಾದ ತರುಣನ ಕಥೆ 1955ರಲ್ಲಿ ಬಂದಿತು. ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1957ರಲ್ಲಿ, ಅವರು ದೇಶವನ್ನು ತೊರೆದು ಮೊರಾಕ್ಕೋದಲ್ಲಿ ನೆಲಸಬೇಕಾಯಿತು. 1962ರಲ್ಲಿ ದೇಶ ಸ್ವತಂತ್ರವಾದಾಗ ಮರಳಿ ಬಂದರು. ಆ ಸಮರವನ್ನೇ ಚಿತ್ರಿಸುವ ಅವರ ಮೂರನೆಯ ಕಾದಂಬರಿ 1965ರಲ್ಲಿ ಹೊರಬಂದಿತು.

ಸ್ವತಂತ್ರ ಅಲ್ಜೀರಿಯಾ ಅರಬ್ಬಿಯನ್ನು ರಾಷ್ಟ್ರಭಾಷೆಯಾಗಿ ಸ್ವೀಕರಿಸಿತು. ಬರ್ಬರ್ ನುಡಿಗೆ ಆಗಲೂ ಮನ್ನಣೆ ದೊರೆಯಲಿಲ್ಲ. ಮಮ್ಮೇರಿಯವರು ಧೃತಿಗೆಡದೆ ಆಲ್ಜಿಯರ್ಸ್ ವಿಶ್ವವಿದ್ಯಾನಿಲಯದಲ್ಲಿ 1965ರಿಂದ ಕೆಲವು ವರ್ಷ ಆ ಭಾಷೆಯನ್ನು ಬೋಧಿಸಿದರು. ಊರೂರು ಅಲೆದ ಜನಕವಿ ಸೀ ಮೊಹಂದನ ಪದ್ಯಗಳನ್ನು ಸಂಗ್ರಹಿಸಿ, ಫ್ರೆಂಚ್ ಅನುವಾದದೊಡನೆ 1969ರಲ್ಲಿ ಪ್ರಕಟಿಸಿದರು. 1976ರಲ್ಲಿ ಬರ್ಬರ್ ಭಾಷೆಗೆ ಅದೇ ಭಾಷೆಯಲ್ಲಿ ವ್ಯಾಕರಣವನ್ನು ಬರೆದುಕೊಟ್ಟರು.

1980ರ ಮಾರ್ಚ್ 10ರಂದು ತೀಜೀ ಊಝೂ ನಗರದ ವಿದ್ಯಾರ್ಥಿಗಳ ಮುಂದೆ ಅವರು ಪ್ರಾಚೀನ ಕಬೀಲಿ ಕಾವ್ಯವನ್ನು ಕುರಿತು ಉಪನ್ಯಾಸ ಮಾಡಬೇಕಾಗಿತ್ತು. ಅಧಿಕಾರಿಗಳು ಅದನ್ನು ನಿಷೇಧಿಸಿದರು. ಕಾವ್ಯದ ಮಾತಿಗೂ ಅಡ್ಡಿಯೇ ಎಂದು ಜನರು ಕೆರಳಿದರು. ಆಗ ಎದ್ದ ಚಳವಳಿಗೆ ‘ಬರ್ಬರ್ ವಸಂತ’ ಎಂಬ ಹೆಸರು ಬಂದಿತು. ಅನೇಕ ವಿದ್ಯಾರ್ಥಿಗಳು ಸೆರೆಮನೆ ಸೇರಿದರು. ನಡೆಯದೆ ಹೋದ ಒಂದು ಉಪನ್ಯಾಸ ಒಂದು ಸೀಮೆಯನ್ನೇ ಎಚ್ಚರಗೊಳಿಸಿತು.

1989ರ ಫೆಬ್ರವರಿಯಲ್ಲಿ ಮೊರಾಕ್ಕೋದ ಒಂದು ವಿದ್ವತ್ಸಭೆಯಿಂದ ಮರಳುತ್ತಿದ್ದಾಗ ಮೋಟಾರು ಅಪಘಾತದಲ್ಲಿ ಮಮ್ಮೇರಿಯವರು ನಿಧನ ಹೊಂದಿದರು. ತಮ್ಮ ಶ್ರಮದ ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಅವರ ನುಡಿ 2002ರಲ್ಲಿ ರಾಷ್ಟ್ರಭಾಷೆಯ ಸ್ಥಾನವನ್ನೂ, 2016ರಲ್ಲಿ ಆಡಳಿತ ಭಾಷೆಯ ಸ್ಥಾನವನ್ನೂ ಪಡೆಯಿತು. ಅಂದು ಉಪನ್ಯಾಸ ನಿಂತುಹೋದ ತೀಜೀ ಊಝೂವಿನ ವಿಶ್ವವಿದ್ಯಾನಿಲಯವು ಇಂದು ಅವರ ಹೆಸರನ್ನೇ ಹೊತ್ತಿದೆ.

ಅನ್ಯಭಾಷೆಯನ್ನು ಆದರದಿಂದ ಕಲಿತು ಅದರಲ್ಲಿ ಕೀರ್ತಿಯನ್ನು ಗಳಿಸಿದರೂ, ಆ ವಿದ್ಯೆಯನ್ನು ತಾಯಿನುಡಿಯ ಸೇವೆಗೆ ಮುಡಿಪಾಗಿಸಿದ ಈ ಹಿರಿಯರ ಬಾಳು ವಿದ್ಯಾರ್ಥಿಗಳಾದ ನಮಗೆಲ್ಲ ಮೇಲ್ಪಂಕ್ತಿಯಾಗಿದೆ.