ಸೈನ್ಯ ಕಟ್ಟಿದ ನವಾಬ್ ಹೈದರಾಲಿ

ಹೈದರಾಲಿ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರುವುದು ಒಂದೇ ಸಾಲು: ಅವರು ಟಿಪ್ಪು ಸುಲ್ತಾನರ ತಂದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಟಿಪ್ಪು ಸುಲ್ತಾನರ ಕೈಗೆ ಬಂದ ಸೈನ್ಯವನ್ನು ಕಟ್ಟಿದವರು ಯಾರು, ಹೇಗೆ ಕಟ್ಟಿದರು ಎಂಬುದು ಅದಕ್ಕಿಂತ ದೊಡ್ಡ ವಿಷಯ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ 1720ರ ಆಸುಪಾಸಿನಲ್ಲಿ ಹುಟ್ಟಿದ ಹೈದರಾಲಿಯವರಿಗೆ ತಂದೆಯ ಆಸರೆ ಹೆಚ್ಚು ಕಾಲ ಸಿಗಲಿಲ್ಲ. ಶಿರಾದ ನವಾಬರ ಸೇವೆಯಲ್ಲಿದ್ದ ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದರು. ಅಣ್ಣ ಶಹಬಾಜ್ ಜೊತೆ ಮೈಸೂರಿನ ಸೈನ್ಯ ಸೇರಿದ ಹುಡುಗ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಧೈರ್ಯದಿಂದ ಸರ್ವಾಧಿಕಾರಿ ನಂಜರಾಜಯ್ಯನವರ ಕಣ್ಣಿಗೆ ಬಿದ್ದರು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರರಾದರು. ಅಲ್ಲಿ ಫ್ರೆಂಚರ ನೆರವು ಪಡೆದು ಆಯುಧ ಶಾಲೆ ಮತ್ತು ಫಿರಂಗಿ ದಳ ಕಟ್ಟಿದರು. ಗಾಯಾಳು ಸಿಪಾಯಿಗಳಿಗೆ ಸರ್ಕಾರ ಕೊಡುತ್ತಿದ್ದ ಹಣವನ್ನು ಹೆಚ್ಚು ಪಡೆಯಲು, ಗಾಯವಿಲ್ಲದವರಿಗೂ ಅರಿಶಿನದ ಬಟ್ಟೆ ಕಟ್ಟಿ ನಿಲ್ಲಿಸಿದರು ಎಂಬ ಕಥೆಯನ್ನು ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಅವರ ಮಿತ್ರನೇನಲ್ಲ. ಆದರೂ ಈ ಕಥೆಯನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಕಥೆ ನಿಜವಾಗಿದ್ದರೆ, ಸೈನ್ಯದ ಲೆಕ್ಕಪತ್ರದಲ್ಲಿ ಎಲ್ಲೆಲ್ಲಿ ಕನ್ನ ಹಾಕಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದಾಯಿತು. ಮುಂದೆ ಅವರ ಕೈಕೆಳಗೆ ಯಾರೂ ಅಂಥ ಆಟ ಸುಲಭವಾಗಿ ಆಡಲಾಗಲಿಲ್ಲ.

ಅವರ ಬದುಕಿನ ತಿರುವು ಬಂದದ್ದು ರಣರಂಗದಲ್ಲಲ್ಲ, ತನಖಾ ವಿಷಯದಲ್ಲಿ. ಹೈದರಾಬಾದಿನ ನಿಜಾಮರಿಗೂ ಮರಾಠರಿಗೂ ಲಕ್ಷಾಂತರ ರೂಪಾಯಿ ಕಪ್ಪ ಕೊಟ್ಟು ಮೈಸೂರಿನ ಖಜಾನೆ ಬರಿದಾಗಿತ್ತು. ಸಂಬಳ ಕಾಣದ ಸಿಪಾಯಿಗಳು 1758ರಲ್ಲಿ ನಂಜರಾಜಯ್ಯನವರ ಮನೆ ಬಾಗಿಲಲ್ಲಿ ಧರಣಿ ಕೂತರು. ಒಳಗೆ ಅನ್ನ ನೀರು ಹೋಗದಂತೆ ತಡೆದರು. ರಾಜ್ಯ ಕಾಯಬೇಕಾದ ಸೈನ್ಯ ಮಂತ್ರಿಯ ಮನೆಗೇ ಮುತ್ತಿಗೆ ಹಾಕಿತ್ತು! ದಿಂಡಿಗಲ್ಲಿನಿಂದ ಬಂದ ಹೈದರಾಲಿಯವರು ತಮ್ಮ ಲೆಕ್ಕಿಗ ಖಂಡೇರಾಯನೊಂದಿಗೆ ಕೂತು ಪ್ರತಿಯೊಬ್ಬರ ಬಾಕಿಯನ್ನು ತಪಾಸಣೆ ಮಾಡಿಸಿದರು. ಸುಳ್ಳು ಲೆಕ್ಕ ತೆಗೆದುಹಾಕಿ ನಿಜವಾದ ಬಾಕಿ ತೀರಿಸಿದರು. ಸಿಪಾಯಿಗಳ ಮನಸ್ಸು ಅಂದಿನಿಂದ ಅವರ ಕಡೆಗೆ ವಾಲಿತು. ಮರುವರ್ಷ ಬೆಂಗಳೂರಿನ ಮೇಲೆ ಬಂದ ಮರಾಠರನ್ನು ಹಿಮ್ಮೆಟ್ಟಿಸಲು ಅದೇ ಸಿಪಾಯಿಗಳು ಅವರ ಹಿಂದೆ ನಡೆದರು. 1760ರಲ್ಲಿ ಖಂಡೇರಾಯ ತಿರುಗಿಬಿದ್ದ. ಅವನನ್ನು ಸೋಲಿಸಿ 1761ರ ಹೊತ್ತಿಗೆ ಹೈದರಾಲಿಯವರು ಮೈಸೂರಿನ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡರು. ಒಡೆಯರು ಮಾತ್ರ ಸಿಂಹಾಸನದ ಮೇಲೆಯೇ ಉಳಿದರು.

ಅವರ ಅಶ್ವದಳದಲ್ಲಿ ಎರಡು ಬಗೆಯ ಸವಾರರಿದ್ದರು. ಸರ್ಕಾರಿ ಲಾಯದ ಕುದುರೆ ಏರುವವರು ಒಂದು ಬಗೆ, ಸ್ವಂತ ಕುದುರೆ, ಆಯುಧ ತರುವ ಸಿಲಾಹದಾರರು ಇನ್ನೊಂದು ಬಗೆ. (ಅರಬ್ಬಿಯ ಸಿಲಾಹ್ ಎಂದರೆ ಆಯುಧ, ಅದಕ್ಕೆ ಫಾರ್ಸಿಯ ದಾರ್ ಸೇರಿತು. ನಮ್ಮ ಉರ್ದು ತರಗತಿಯ ಮಕ್ಕಳು ಗಮನಿಸಬೇಕು.) ಸ್ವಂತ ಕುದುರೆ ಸತ್ತರೆ ಬದುಕೇ ಹೋದಂತೆ ಎಂದು ಸಿಲಾಹದಾರ ಹಿಂಜರಿಯಬಹುದು, ಲಾಯದ ಸವಾರನಿಗೆ ಆ ಭಯವಿಲ್ಲ. ಪದಾತಿಗಳಿಗೆ ಯುರೋಪಿನ ಮಾದರಿಯ ಕವಾಯತು, ಬಂದೂಕು ಸಿಕ್ಕವು. ಫಿರಂಗಿ ದಳದಲ್ಲಿ ಫ್ರೆಂಚರಿದ್ದರು. ದಫ್ತರ ಮತ್ತು ಖಜಾನೆಯಲ್ಲಿ ಪೂರ್ಣಯ್ಯ, ಕೃಷ್ಣರಾಯರಂಥ ಬ್ರಾಹ್ಮಣ ಅಧಿಕಾರಿಗಳಿದ್ದರು. ಕೆಲಸ ಬಲ್ಲವನಿಗೆ ಕೆಲಸ, ಅಷ್ಟೇ. ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಅವರ ಕಾಲದಲ್ಲೇ ಯುದ್ಧಕ್ಕೆ ಬಂದವು. 1763ರಲ್ಲಿ ಅವರು ಗೆದ್ದ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಲ್ಲಿ, 2018ರಲ್ಲಿ ಒಂದು ಹಾಳು ಬಾವಿಯಿಂದ ಮೈಸೂರು ಸೈನ್ಯದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ಟುಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು.

ರಾಕೆಟ್ಟಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಎತ್ತಿನ ಬಗ್ಗೆ ಬರೆಯುವವರು ಕಡಿಮೆ. ಆ ಕಾಲದಲ್ಲಿ ಫಿರಂಗಿ, ಮದ್ದು, ಅಕ್ಕಿ, ರಾಗಿ ಎಲ್ಲವೂ ಎತ್ತಿನ ಹೆಗಲ ಮೇಲೆಯೇ ಸಾಗಬೇಕು. ಎತ್ತು ಕುಸಿದರೆ ಸೈನ್ಯ ನಿಂತಂತೆ. ಮೈಸೂರು ಅರಸರ ಕಾಲದಿಂದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಇತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಆ ತಳಿಯನ್ನು ಹೈದರಾಲಿಯವರು ಸೈನ್ಯದ ಸಾಗಾಟಕ್ಕೆ ತಂದರು. ಅವುಗಳ ಮೇವಿಗೆ ಕಾವಲುಗಳಿದ್ದವು. 1781ರಲ್ಲಿ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಲು ಈ ಎತ್ತುಗಳೇ ಕಾರಣ ಎಂದು ಹಳೆಯ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. ಈ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನರು.

ಓದು ಬರಹ ಅವರಿಗೆ ಬರುತ್ತಿರಲಿಲ್ಲ. ಸಹಿಗೆ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಮಾತ್ರ, ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದರಂತೆ. ಒಮ್ಮೆಗೇ ಹಲವು ಕಾಗದಗಳನ್ನು ಕೇಳಿಸಿಕೊಂಡು ಉತ್ತರ ಹೇಳುವ ನೆನಪಿನ ಶಕ್ತಿ ಇತ್ತು. ಓದದೆ ನವಾಬರಾದರಲ್ಲ ಎಂದು ನಮ್ಮ ಕೆಲವು ಹುಡುಗರು ತರಗತಿಯಲ್ಲಿ ವಾದಿಸುವುದುಂಟು. ಅದೇ ಹೈದರಾಲಿಯವರು ತಮ್ಮ ಮಗನಿಗೆ ಉಸ್ತಾದರನ್ನಿಟ್ಟು ಭಾಷೆಗಳನ್ನು ಕಲಿಸಿದರು, ಗಾಜಿಖಾನರಿಂದ ಯುದ್ಧವಿದ್ಯೆ ಕಲಿಸಿದರು ಎಂಬುದನ್ನು ಆ ಹುಡುಗರು ಹೇಳುವುದಿಲ್ಲ!

1769ರಲ್ಲಿ ಸುಮಾರು 6,000 ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿ ಮದರಾಸಿನ ಬಾಗಿಲಲ್ಲಿ ನಿಂತರು. ಕಂಪನಿಯವರು ಸಂಧಿ ಮಾಡಿಕೊಂಡು, ಶತ್ರುಗಳು ಬಂದರೆ ನೆರವಾಗುವುದಾಗಿ ಒಪ್ಪಿದರು. 1771ರಲ್ಲಿ ಚಿನಕುರಳಿಯಲ್ಲಿ ಮರಾಠರು ಹೈದರಾಲಿಯವರ ಸೈನ್ಯವನ್ನು ನುಚ್ಚುನೂರು ಮಾಡಿದಾಗ ಕಂಪನಿಯಿಂದ ಯಾರೂ ಬರಲಿಲ್ಲ. ಶ್ರೀರಂಗಪಟ್ಟಣದ ಕೋಟೆ ಸೇರಿದ ಅವರು ಸೈನ್ಯವನ್ನು ಮತ್ತೆ ಮೊದಲಿಂದ ಕಟ್ಟಿದರು. ಒಂಬತ್ತು ವರ್ಷಗಳ ನಂತರ ಆ ಸೈನ್ಯ 80,000ಕ್ಕೂ ಮಿಕ್ಕಿ ಬೆಳೆದು ಕರ್ನಾಟಿಕ್ ಸೀಮೆಗೆ ಇಳಿಯಿತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಸಂಪೂರ್ಣ ಸೋತಿತು. ಕೆಲವೇ ಮೈಲಿ ದೂರದ ಕಂಚಿಯಲ್ಲಿದ್ದ ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನು ಕೊಳಕ್ಕೆ ನೂಕಿ ಮದರಾಸಿಗೆ ಹಿಂತಿರುಗಿದ. ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದವರು ದರಿಯಾ ದೌಲತ್ತಿನ ಗೋಡೆಯ ಮೇಲೆ ಈ ಯುದ್ಧದ ಚಿತ್ರವನ್ನು ನೋಡಿರುತ್ತಾರೆ.

ಆದರೆ ನೌಕಾಪಡೆ ಅವರ ಕೈಗೆ ಹತ್ತಲಿಲ್ಲ. ಕರಾವಳಿಯಲ್ಲಿ ಹಡಗು ಕಟ್ಟಿಸಿದರೂ 1768ರಲ್ಲೇ ಆ ಪಡೆ ಕೈತಪ್ಪಿತ್ತು. 1781ರ ಜುಲೈನಲ್ಲಿ ಪೋರ್ಟೊನೋವೊದಲ್ಲಿ ಐರ್ ಕೂಟ್ ಅವರನ್ನು ಸೋಲಿಸಿದ, ಅವನ ಬೆನ್ನಿಗೆ ಇಂಗ್ಲಿಷ್ ಹಡಗುಗಳಿದ್ದವು. ನೆಲದ ಮೇಲೆ ಎಷ್ಟು ಬಾರಿ ಗೆದ್ದರೂ ಸಮುದ್ರವನ್ನು ಬತ್ತಿಸಲಾರೆ ಎಂದು ಅವರು ಕೊನೆಗಾಲದಲ್ಲಿ ಪೂರ್ಣಯ್ಯನವರೊಡನೆ ಹೇಳಿಕೊಂಡರಂತೆ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ನರಳಿ ಹೈದರಾಲಿಯವರು ತೀರಿಕೊಂಡರು. ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಒಡೆಯ ಸತ್ತ ಸುದ್ದಿ ಹಬ್ಬಿದರೆ ಸೈನ್ಯ ಚದುರುವುದು ಆ ಕಾಲದ ವಾಡಿಕೆ. ಪೂರ್ಣಯ್ಯ, ಕೃಷ್ಣರಾಯರು ಮತ್ತು ಕೆಲವು ಸರದಾರರು ಸಾವನ್ನು ಗುಟ್ಟಾಗಿಟ್ಟರು. ಖಜಾನೆಯ ಪೆಟ್ಟಿಗೆ ಕಳಿಸುವಂತೆ ಪಾರ್ಥಿವ ಶರೀರವನ್ನು ಕೋಲಾರಕ್ಕೆ ಕಳಿಸಿದರು. ಗುಡಾರದಲ್ಲಿ ಎಂದಿನಂತೆ ಹುಕುಂಗಳು ಹೊರಡುತ್ತಿದ್ದವು. ನಡುವೆ ಎದ್ದ ಒಂದು ಪಿತೂರಿಯನ್ನೂ ಅಡಗಿಸಲಾಯಿತು. ಕೆಲವು ವಾರಗಳ ನಂತರ ಟಿಪ್ಪು ಪಾಳೆಯ ತಲುಪಿದಾಗ ಇಡೀ ಸೈನ್ಯ ತನ್ನ ಜಾಗದಲ್ಲೇ ನಿಂತಿತ್ತು.