ಗುಲಾಮರ ಒಡೆಯರ ರಾಜಕಾರಣ ಮತ್ತು ಜಾನ್ ಕ್ಯಾಲ್ಹೌನ್

ಅಮೆರಿಕದ ಸಂವಿಧಾನ ರೂಪುಗೊಂಡ 1787ರಲ್ಲಿ, ಜನಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ಒಪ್ಪಂದವಾಯಿತು. ಮತದ ಹಕ್ಕಿಲ್ಲದವರ ತಲೆಯೆಣಿಕೆಯು ಹೀಗೆ ಅವರ ಒಡೆಯರ ರಾಜಕೀಯ ಬಲವಾಗಿ ಪರಿಣಮಿಸಿತು. ಮೊದಲ ಏಳು ಅಧ್ಯಕ್ಷರಲ್ಲಿ ಐವರು ಗುಲಾಮರ ಒಡೆಯರೇ ಆಗಿದ್ದುದು ಗಮನಾರ್ಹ. ಈ ವರ್ಗದ ಯಜಮಾನಿಕೆಗೆ ತಾತ್ತ್ವಿಕ ನೆಲೆಯನ್ನು ಒದಗಿಸಿದವರಲ್ಲಿ ಜಾನ್ ಸಿ. ಕ್ಯಾಲ್ಹೌನ್ ಪ್ರಮುಖನು.

ದಕ್ಷಿಣ ಕೆರೊಲಿನಾದ ಒಳನಾಡಿನಲ್ಲಿ, ಗುಲಾಮರ ಒಡೆತನವಿದ್ದ ಕುಟುಂಬದಲ್ಲಿ 1782ರಲ್ಲಿ ಜನಿಸಿದ ಕ್ಯಾಲ್ಹೌನ್, 1804ರಲ್ಲಿ ಯೇಲ್‌ನಿಂದ ಪದವಿ ಪಡೆದು ಕಾನೂನನ್ನು ಅಭ್ಯಸಿಸಿದನು. 1811ರಲ್ಲಿ ಜನಪ್ರತಿನಿಧಿ ಸಭೆಯನ್ನು ಪ್ರವೇಶಿಸಿದಾಗ ಅವನು ರಾಷ್ಟ್ರೀಯವಾದಿ. ರಾಷ್ಟ್ರೀಯ ಬ್ಯಾಂಕನ್ನೂ 1816ರ ರಕ್ಷಣಾ ಸುಂಕವನ್ನೂ ಬೆಂಬಲಿಸಿದವನು. ಯುದ್ಧ ಕಾರ್ಯದರ್ಶಿಯಾಗಿದ್ದು, 1825ರಲ್ಲಿ ಉಪಾಧ್ಯಕ್ಷನಾದನು.

1828ರ ಸುಂಕವು ಹತ್ತಿ ಬೆಳೆಯುವ ದಕ್ಷಿಣಕ್ಕೆ ಹೊರೆಯೆನಿಸಿದಾಗ ಅವನ ನಿಲುವು ಪಲ್ಲಟಗೊಂಡಿತು. ಒಕ್ಕೂಟದ ಕಾಯಿದೆಯನ್ನು ರಾಜ್ಯವೊಂದು ತನ್ನ ಮಟ್ಟಿಗೆ ಅಸಿಂಧುಗೊಳಿಸಬಹುದೆಂಬ ವಾದವನ್ನು ಅವನು ಹೆಸರು ಮರೆಸಿ ಬರೆದನು. 1832ರಲ್ಲಿ ದಕ್ಷಿಣ ಕೆರೊಲಿನಾ ಅದನ್ನು ಆಚರಣೆಗೆ ತಂದಾಗ ಉಪಾಧ್ಯಕ್ಷ ಪದವಿಯನ್ನು ತ್ಯಜಿಸಿ ಸೆನೆಟ್ ಸೇರಿದನು. ಸುಂಕದ ಕುರಿತಾದ ಈ ವಾದದ ಹಿಂದೆ ಗುಲಾಮಗಿರಿಯ ರಕ್ಷಣೆಯ ಚಿಂತೆಯೂ ಇತ್ತು.

ಹಿಂದಿನ ತಲೆಮಾರಿನ ಅನೇಕ ಒಡೆಯರು ಗುಲಾಮಗಿರಿಯನ್ನು ಅನಿವಾರ್ಯ ಅನಿಷ್ಟವೆಂದು ಸಮರ್ಥಿಸಿಕೊಂಡಿದ್ದರು. 1837ರಲ್ಲಿ ಕ್ಯಾಲ್ಹೌನ್ ಅದನ್ನು ಹಿತಕರ ವ್ಯವಸ್ಥೆಯೆಂದೇ ಸೆನೆಟ್ಟಿನಲ್ಲಿ ಪ್ರತಿಪಾದಿಸಿದನು; ಅದರ ವಿರುದ್ಧದ ಮನವಿಗಳನ್ನು ಸದನವು ಸ್ವೀಕರಿಸಲೂಬಾರದೆಂದನು. 1844ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿ, ಟೆಕ್ಸಾಸ್‌ನ ಸೇರ್ಪಡೆಯನ್ನು ಗುಲಾಮಗಿರಿಯ ರಕ್ಷಣೆಯೊಂದಿಗೆ ಬಹಿರಂಗವಾಗಿಯೇ ತಳಕುಹಾಕಿದನು. 1850ರ ಮಾರ್ಚ್ 4ರಂದು, ಕಾಯಿಲೆಯಿಂದ ಬಳಲಿದ್ದ ಅವನ ಕೊನೆಯ ಮಹತ್ವದ ಭಾಷಣವನ್ನು ವರ್ಜೀನಿಯಾದ ಜೇಮ್ಸ್ ಮೇಸನ್ ಓದಬೇಕಾಯಿತು. ಅದೇ ತಿಂಗಳ 31ರಂದು ಕ್ಯಾಲ್ಹೌನ್ ನಿಧನನಾದನು.

ಮರಣಾನಂತರ 1851ರಲ್ಲಿ ಪ್ರಕಟವಾದ ಅವನ ರಾಜ್ಯಶಾಸ್ತ್ರದ ಪ್ರಬಂಧವು, ಬಹುಮತದ ದಬ್ಬಾಳಿಕೆಯಿಂದ ಅಲ್ಪಸಂಖ್ಯಾತ ಹಿತಾಸಕ್ತಿಯನ್ನು ಕಾಯಲು ಪ್ರತಿಯೊಂದು ಹಿತಾಸಕ್ತಿಗೂ ತಡೆಯುವ ಅಧಿಕಾರವಿರಬೇಕೆಂದು ವಾದಿಸುತ್ತದೆ. ಬರಿಯ ಸಿದ್ಧಾಂತವಾಗಿ ಓದಿದರೆ ಇದು ದುರ್ಬಲರ ಪರವಾದ ಚಿಂತನೆಯೆಂದೇ ತೋರುತ್ತದೆ. ಆದರೆ 1850ರ ಜನಗಣತಿಯಂತೆ ಅವನ ರಾಜ್ಯದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗುಲಾಮರು. ಅವನದೇ ಫೋರ್ಟ್ ಹಿಲ್ ತೋಟದಲ್ಲಿ ಹತ್ತಾರು ಗುಲಾಮರು ದುಡಿಯುತ್ತಿದ್ದರು. ಅಲ್ಪಸಂಖ್ಯಾತರೆಂದು ಅವನು ಕಾಯಹೊರಟದ್ದು ಒಡೆಯರನ್ನು. ಗುಲಾಮರು ಆ ಲೆಕ್ಕದಲ್ಲಿ ಒಂದು ಹಿತಾಸಕ್ತಿಯೂ ಆಗಿರಲಿಲ್ಲ.

1860ರ ಡಿಸೆಂಬರಿನಲ್ಲಿ ಒಕ್ಕೂಟದಿಂದ ಮೊದಲು ಹೊರನಡೆದ ರಾಜ್ಯ ದಕ್ಷಿಣ ಕೆರೊಲಿನಾ. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಯೇಲ್ ತನ್ನ ಕಾಲೇಜೊಂದಕ್ಕಿದ್ದ ಅವನ ಹೆಸರನ್ನು 2017ರಲ್ಲಿ ಕೈಬಿಟ್ಟಿತು. 2020ರಲ್ಲಿ ಚಾರ್ಲ್ಸ್‌ಟನ್ ನಗರವು ಅವನ ಪ್ರತಿಮೆಯನ್ನು ಇಳಿಸಿತು. ಹಕ್ಕಿನ ಪರಿಭಾಷೆಯು ಯಾರ ಪರವಾಗಿ ಬಳಕೆಯಾಗುತ್ತಿದೆಯೆಂಬ ಪ್ರಶ್ನೆಯನ್ನು ಮಾತ್ರ ಅವನ ಬರಹ ಇಂದಿಗೂ ಉಳಿಸಿದೆ.